ಜೀರೋ ಸರಿದಿದೆಯೇ? ನಾಬ್ ತಿರುಗಿಸುವ ಮುನ್ನ

ನಿನ್ನೆ ಸಂಜೆ ಸಾಲಾಗಿ ಹತ್ತು ಕೊಡುತ್ತಿದ್ದ ರೈಫಲ್ ಇವತ್ತು ಬೆಳಗ್ಗೆ ಬಲಕ್ಕೆ ಒಂಬತ್ತು, ಮತ್ತೆ ಬಲಕ್ಕೆ ಒಂಬತ್ತು ಎಂದು ಹಟ ಹಿಡಿದರೆ ಶೂಟರ್‌ನ ಕೈ ತಾನಾಗಿಯೇ ಹಿಂದಿನ ಸೈಟ್‌ನ ನಾಬ್‌ಗೆ ಹೋಗುತ್ತದೆ. ಎಡಕ್ಕೆ ಮೂರು ಕ್ಲಿಕ್. ಮುಂದಿನ ಎರಡು ಗುಂಡು ಹತ್ತು, ಸಮಾಧಾನ. ಮೂರನೆಯದು ಎಡಕ್ಕೆ ಎಂಟು. ಮತ್ತೆ ಬಲಕ್ಕೆ ಎರಡು ಕ್ಲಿಕ್. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲಿದ್ದ ಜೀರೋ ಯಾವುದು, ಈಗಿರುವುದು ಯಾವುದು ಎಂಬ ಲೆಕ್ಕವೇ ತಪ್ಪಿರುತ್ತದೆ.

ಜೀರೋ ಎಂದರೆ ಕಣ್ಣು ಹಿಡಿದ ಗುರಿಯೂ ಗುಂಡು ಬೀಳುವ ಜಾಗವೂ ಒಂದೇ ಆಗುವಂತೆ ಸೈಟನ್ನು ಕೂರಿಸಿಕೊಳ್ಳುವುದು. ಅದು ರೈಫಲ್ ಒಂದರ ಗುಣ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ ರೈಫಲ್, ಆ ಪೆಲೆಟ್ ಅಥವಾ ಕಾಡತೂಸು, ಅದನ್ನು ಹಿಡಿದ ಮೈ, ಆ ಕಣ್ಣು, ಆ ರೇಂಜಿನ ಬೆಳಕು ಎಲ್ಲ ಸೇರಿದರೆ ಒಂದು ಜೀರೋ. ಇವುಗಳಲ್ಲಿ ಯಾವುದು ಬದಲಾದರೂ ಗುಂಡು ಸರಿಯುತ್ತದೆ. ಯಾವುದು ಬದಲಾಯಿತು ಎಂದು ತಿಳಿಯದೆ ನಾಬ್ ತಿರುಗಿಸಿದರೆ ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಡಯಾಪ್ಟರ್ ಸೈಟ್, ಅಂದರೆ ಸಣ್ಣ ತೂತಿನ ಮೂಲಕ ನೋಡುವ ಹಿಂದಿನ ಸೈಟ್ ಇರುವ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ .22 ರೈಫಲ್ ಬಗ್ಗೆ. ಈ ಆಟದಲ್ಲಿ ಎಷ್ಟು ಸರಿದರೆ ಸರಿದಂತೆ ಎಂಬುದನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ 0.5 ಮಿ.ಮೀ.; ಅಲ್ಲಿಂದ ಪ್ರತಿ ವೃತ್ತಕ್ಕೆ 2.5 ಮಿ.ಮೀ. ಅಂತರ. 50 ಮೀಟರ್ ಗುರಿಯಲ್ಲಿ ಹತ್ತರ ವ್ಯಾಸ 10.4 ಮಿ.ಮೀ., ವೃತ್ತದಿಂದ ವೃತ್ತಕ್ಕೆ 8 ಮಿ.ಮೀ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 80 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಹಿಂದಿನ ಸೈಟ್ ಮಿಲಿಮೀಟರಿನ ಹತ್ತನೇ ಒಂದು ಪಾಲು ಅಲುಗಿದರೆ ಗುಂಡು 10 ಮೀಟರಿನಲ್ಲಿ 1.25 ಮಿ.ಮೀ., 50 ಮೀಟರಿನಲ್ಲಿ 6 ಮಿ.ಮೀ.ಗೂ ಹೆಚ್ಚು ಸರಿಯುತ್ತದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವವರಿಗೆ ಇದು ಅತಿಯಾಯಿತು ಅನ್ನಿಸಬಹುದು. ತೆಂಗಿನಕಾಯಿ ಅಷ್ಟನ್ನು ಕ್ಷಮಿಸುತ್ತದೆ, ಮ್ಯಾಚ್ ಗುರಿ ಕ್ಷಮಿಸುವುದಿಲ್ಲ.

ಗುಂಪು ಏನು ಹೇಳುತ್ತಿದೆ?

ಹೊಸ ಕಾರ್ಡ್ ಹಾಕಿ, ಸೈಟ್ ಮುಟ್ಟದೆ ಹತ್ತು ಗುಂಡು ಹೊಡೆಯಿರಿ. ಎಲ್ಲಿ ಬೀಳುತ್ತದೋ ಬೀಳಲಿ, ನಡುವೆ ತಿದ್ದಬೇಡಿ. ಮೂರು ಗುಂಡಿನಲ್ಲಿ ತೀರ್ಮಾನಿಸುವ ಚಾಳಿ ಒಳ್ಳೆಯ ಶೂಟರ್‌ಗಳಲ್ಲೂ ಇದೆ. ಆದರೆ ಏನೂ ಕೆಟ್ಟಿರದ ದಿನವೂ ಮೂರು ಗುಂಡುಗಳ ನಡುಬಿಂದು ಅತ್ತಿತ್ತ ಹೊಯ್ದಾಡುತ್ತಲೇ ಇರುತ್ತದೆ. ಹತ್ತಾದ ಮೇಲೆ ಕಾಣುವ ಗುಂಪಿಗೆ ಒಂದು ಆಕಾರ ಇರುತ್ತದೆ, ಅರ್ಧ ಉತ್ತರ ಆ ಆಕಾರದಲ್ಲೇ ಇದೆ.

ಗುಂಪು ಎಂದಿನಷ್ಟೇ ಬಿಗಿಯಾಗಿದ್ದು ಇಡಿಯಾಗಿ ಒಂದು ಕಡೆಗೆ ಸರಿದಿದ್ದರೆ ಅದು ನಿಜವಾದ ಜೀರೋ ಬದಲಾವಣೆ. ಏನೋ ಒಂದು ಬದಲಾಗಿ ಅಲ್ಲೇ ನಿಂತಿದೆ. ಗುಂಪೇ ಹಿಗ್ಗಿದ್ದರೆ ಜೀರೋ ಮಾತು ಬಿಡಿ. ಕ್ಲಿಕ್‌ಗಳಿಂದ ಗುಂಪು ಚಿಕ್ಕದಾಗುವುದಿಲ್ಲ. ಮೇಲೆ-ಕೆಳಗೆ ಮಾತ್ರ ಉದ್ದವಾಗಿದ್ದರೆ ಉಸಿರು, ಸ್ಲಿಂಗ್ ಅಥವಾ ಗುಂಡಿನ ವೇಗವನ್ನು ಅನುಮಾನಿಸಿ. ಮೊದಲ ಗುಂಡಿನಿಂದ ಹತ್ತನೆಯದರವರೆಗೆ ಮೆಲ್ಲಮೆಲ್ಲನೆ ಒಂದೇ ದಿಕ್ಕಿಗೆ ತೆವಳಿದ್ದರೆ ಭಂಗಿ ಜಾರುತ್ತಿದೆ ಅಥವಾ ಒತ್ತಡ ಇಳಿಯುತ್ತಿದೆ. ಹಾಗಾಗಿ ಯಾವ ಗುಂಡು ಎಷ್ಟನೆಯದು ಎಂದು ಬರೆದಿಟ್ಟುಕೊಳ್ಳದ ಕಾರ್ಡ್‌ನಿಂದ ಅರ್ಧ ಪ್ರಯೋಜನ ಮಾತ್ರ. ಎಲೆಕ್ಟ್ರಾನಿಕ್ ಗುರಿ ಇದ್ದರೆ ಆ ಕೆಲಸವನ್ನು ಅದೇ ಮಾಡಿರುತ್ತದೆ.

ಇನ್ನೊಂದು ಆಕಾರವಿದೆ, ಅದನ್ನು ಕಂಡರೆ ಕೋಚ್‌ಗಳ ಕಿವಿ ನಿಮಿರುತ್ತದೆ: ಎರಡು ಬಿಗಿಯಾದ ಗುಂಪುಗಳು, ನಡುವೆ ಖಾಲಿ. ಐದು ಇಲ್ಲಿ, ಐದು ಅಲ್ಲಿ. ಮನುಷ್ಯನ ತಪ್ಪು ಸಾಮಾನ್ಯವಾಗಿ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಎಲ್ಲೋ ಒಂದು ಭಾಗ ಸಡಿಲವಾಗಿ ಎರಡು ಜಾಗಗಳಲ್ಲಿ ಕೂರುತ್ತಿದೆ ಎಂದು ಇದರ ಅರ್ಥ. ಮುಂದಿನ ಸೈಟ್‌ನ ರಿಂಗ್, ಹಿಂದಿನ ಸೈಟ್‌ನ ಬುಡ, ಸ್ಟಾಕ್‌ನ ಬೋಲ್ಟ್ ಈ ಮೂರನ್ನು ಮೊದಲು ನೋಡಿ.

ಬಂದೂಕಿಗಿಂತ ಮೊದಲು ಮೈ

ರೈಫಲ್ ಬಿಚ್ಚುವ ಉತ್ಸಾಹ ಎಲ್ಲರಿಗೂ ಇರುತ್ತದೆ, ತನ್ನನ್ನು ಪರೀಕ್ಷಿಸಿಕೊಳ್ಳುವ ಉತ್ಸಾಹ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುಗುಮುರುಗಾಗಬೇಕು, ಏಕೆಂದರೆ ಮೈಯ ಪರೀಕ್ಷೆಗೆ ಸ್ಕ್ರೂಡ್ರೈವರ್ ಬೇಡ, ಖರ್ಚೂ ಇಲ್ಲ.

ಭಂಗಿಗೆ ಬಂದು, ಸೈಟ್ ಗುರಿಯ ಮೇಲೆ ಕೂತ ಮೇಲೆ ಕಣ್ಣು ಮುಚ್ಚಿ ಎರಡು ಉಸಿರು ತೆಗೆದುಕೊಳ್ಳಿ. ಕಣ್ಣು ಬಿಟ್ಟಾಗ ಮುಂದಿನ ಸೈಟ್‌ನ ರಿಂಗ್ ಗುರಿಯ ಕಪ್ಪಿನ ಪಕ್ಕಕ್ಕೆ ಹೋಗಿದ್ದರೆ ನೀವು ಇಷ್ಟು ಹೊತ್ತು ರೈಫಲನ್ನು ಸ್ನಾಯುಬಲದಿಂದ ಎಳೆದು ನಿಲ್ಲಿಸಿದ್ದಿರಿ. ಟ್ರಿಗರ್ ಬಿಟ್ಟ ಕ್ಷಣ ಸ್ನಾಯು ಸಡಿಲಗೊಂಡು ಗುಂಡು ಆ ಪಕ್ಕಕ್ಕೇ ಹೋಗುತ್ತದೆ. ಪಾದವನ್ನೋ ಮೊಣಕೈಯನ್ನೋ ಸರಿಸಿ ಸಹಜ ಗುರಿಬಿಂದುವನ್ನು ಸರಿಪಡಿಸಿದರೆ ಎಷ್ಟೋ ಸಲ ‘ಸರಿದ ಜೀರೋ’ ತಾನೇ ವಾಪಸು ಬರುತ್ತದೆ. ಮಲಗಿ ಹೊಡೆಯುವ ಪ್ರೋನ್ ಭಂಗಿಯಲ್ಲಿ ಸ್ಲಿಂಗ್ ತೋಳಿನಿಂದ ಒಂದು ಬೆರಳಷ್ಟು ಕೆಳಗೆ ಜಾರಿದರೂ ರೈಫಲ್‌ನ ಮೂತಿ ತಗ್ಗುತ್ತದೆ. ಜಾಕೆಟ್ ಮೇಲೆ ಸ್ಲಿಂಗ್ ಕೂರುವ ಜಾಗಕ್ಕೆ ಒಂದು ಗುರುತು ಹಾಕಿಟ್ಟುಕೊಳ್ಳಿ.

ಮುಂದಿನದು ವಾಲಿಕೆ, ಶೂಟರ್‌ಗಳ ಮಾತಿನಲ್ಲಿ ಕ್ಯಾಂಟ್. ರೈಫಲ್ ಪಕ್ಕಕ್ಕೆ ವಾಲಿದರೆ ಗುಂಡು ವಾಲಿದ ಕಡೆಗೆ, ಚೂರು ಕೆಳಗೆ ಬೀಳುತ್ತದೆ. ಎಷ್ಟು ಎಂದು ಲೆಕ್ಕ ಹಾಕಬಹುದು. ಏರ್ ರೈಫಲ್ ಪೆಲೆಟ್ 10 ಮೀಟರ್ ಸಾಗುವಷ್ಟರಲ್ಲಿ ಸುಮಾರು 17 ಮಿ.ಮೀ. ಇಳಿಯುತ್ತದೆ, 5 ಡಿಗ್ರಿ ಹೆಚ್ಚು ವಾಲಿಸಿದರೆ ಗುಂಡು ಪಕ್ಕಕ್ಕೆ ಸುಮಾರು 1.5 ಮಿ.ಮೀ. ಹೋಗುತ್ತದೆ. .22 ಗುಂಡು 50 ಮೀಟರಿನಲ್ಲಿ ಸುಮಾರು 12 ಸೆಂ.ಮೀ. ಇಳಿಯುವುದರಿಂದ ಅದೇ 5 ಡಿಗ್ರಿಗೆ ಒಂದು ಸೆಂಟಿಮೀಟರ್, ಅಂದರೆ ಒಂದು ವೃತ್ತಕ್ಕಿಂತ ಹೆಚ್ಚು. ನಿಂತು ಹೊಡೆಯುವಾಗ ಅನೇಕರು ಬೇಕೆಂದೇ ವಾಲಿಸುತ್ತಾರೆ, ಅದು ತಪ್ಪೇನಲ್ಲ. ಪ್ರತಿ ಗುಂಡಿಗೂ ಅಷ್ಟೇ ವಾಲಿರಬೇಕು. ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಮೂರು ಭಂಗಿಯ ಸ್ಪರ್ಧೆಯಲ್ಲಿ ಭಂಗಿಗೊಂದು ಜೀರೋ ಬರೆದಿಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕೆನ್ನೆ ಒರಗಿಸುವ ಚೀಕ್‌ಪೀಸ್‌ನ ಸ್ಕ್ರೂ ಸಡಿಲವಾಗಿ ಅದು ಎರಡು ಮಿಲಿಮೀಟರ್ ಇಳಿದರೆ ಕಣ್ಣು ಡಯಾಪ್ಟರ್‌ನ ನಡುವಿನಲ್ಲಿ ನಿಲ್ಲುವುದಿಲ್ಲ. ಇನ್ನು ಕನ್ನಡಕ. ಶಾಲೆ ಕಾಲೇಜಿನ ಮಕ್ಕಳು ಹೆಚ್ಚಿರುವ ಆಟ ಇದು, ಆ ವಯಸ್ಸಿನಲ್ಲಿ ಕಣ್ಣಿನ ಪವರ್ ಬದಲಾಗುತ್ತಿರುತ್ತದೆ. ಮಾಮೂಲಿ ಕನ್ನಡಕ ಹಾಕಿಕೊಂಡು ತಲೆ ಬಗ್ಗಿಸಿ ಗುರಿ ಹಿಡಿದಾಗ ನೋಟ ಲೆನ್ಸ್‌ನ ನಡುವಿನಿಂದ ಹಾಯದೆ ಮೂಲೆಯಿಂದ ಹಾಯುತ್ತದೆ. ಅಲ್ಲಿ ಗಾಜು ಬೆಳಕನ್ನು ಬಗ್ಗಿಸುತ್ತದೆ. ಮೂಗಿನ ಮೇಲೆ ಕನ್ನಡಕ ಜಾರಿದಷ್ಟೂ ಗುರಿಯೂ ಜಾರುತ್ತದೆ. ಹೊಸ ಕನ್ನಡಕ ಬಂದ ವಾರ ಜೀರೋ ಕೆಟ್ಟರೆ ರೈಫಲನ್ನು ದೂರಬೇಡಿ.

ತಪ್ಪು ಮೈಯದೋ ಬಂದೂಕಿನದೋ ಎಂದು ಬೇರ್ಪಡಿಸಲು ಮರಳು ಚೀಲದ ಮೇಲಿಟ್ಟು ಹೊಡೆದು ನೋಡುವುದು ವಾಡಿಕೆ. ಮಾಡಿ, ಆದರೆ ಒಂದು ಎಚ್ಚರವಿರಲಿ. ಚೀಲದ ಮೇಲಿನ ಜೀರೋ ಮತ್ತು ತೋಳಿನ ಮೇಲಿನ ಜೀರೋ ಒಂದೇ ಆಗಿರಬೇಕಿಲ್ಲ, ಏಕೆಂದರೆ ರೈಫಲ್ ಎರಡು ಕಡೆ ಬೇರೆ ಬೇರೆ ರೀತಿ ಹಿಂದಕ್ಕೆ ಒದೆಯುತ್ತದೆ. ಹಾಗಾಗಿ ಚೀಲದ ಮೇಲೆ ನೋಡಬೇಕಾದದ್ದು ಗುಂಡು ಎಲ್ಲಿ ಬಿತ್ತು ಎಂದಲ್ಲ. ಗುಂಪು ಬಿಗಿಯಾಗಿದೆಯೇ, ಒಂದು ಹತ್ತು ಗುಂಡಿನಿಂದ ಇನ್ನೊಂದು ಹತ್ತಕ್ಕೆ ಅದೇ ಜಾಗದಲ್ಲಿ ನಿಲ್ಲುತ್ತದೆಯೇ ಎಂದು. ಎರಡಕ್ಕೂ ಹೌದು ಎಂದಾದರೆ ಅಲನ್ ಕೀ ಪೆಟ್ಟಿಗೆಗೆ ವಾಪಸು ಹಾಕಿ.

ಸ್ಕ್ರೂ, ಸೈಟ್, ಬ್ಯಾರೆಲ್

ಇಲ್ಲವೆಂದಾದರೆ ಈಗ ಬಂದೂಕು ನೋಡಬಹುದು. ಚೇಂಬರ್ ಖಾಲಿ, ಸೇಫ್ಟಿ ಫ್ಲ್ಯಾಗ್ ಒಳಗೆ, ಮೂತಿ ಗುರಿಯ ಕಡೆಗೆ. ಇದು ಮೊದಲು, ಉಳಿದದ್ದೆಲ್ಲ ಆಮೇಲೆ.

ಹಿಂದಿನ ಸೈಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಅದು ರೈಲ್ ಮೇಲೆ ಕೂರುವ ಕಚ್ಚಿನಲ್ಲಿ ಧೂಳು, ಎಣ್ಣೆ ಇದೆಯೇ ನೋಡಿ. ಮುಂದಿನ ಸೈಟ್‌ನ ಕೊಳವೆಯ ಕೊನೆಯ ತಿರುಪು ಬಿಗಿಯಾಗಿದೆಯೇ, ಒಳಗಿನ ರಿಂಗ್ ನೆಟ್ಟಗೆ ಕೂತಿದೆಯೇ ನೋಡಿ. ರಿಂಗ್ ಬದಲಿಸಿದ ಮೇಲೆ ಆ ತಿರುಪನ್ನು ಅರ್ಧಂಬರ್ಧ ತಿರುಗಿಸಿ ಬಿಡುವವರೇ ಬಹಳ. ಆಮೇಲೆ ಬ್ಯಾರೆಲ್ ಮತ್ತು ಸ್ಟಾಕ್ ಸೇರಿಸುವ ಬೋಲ್ಟ್‌ಗಳು. ಇವುಗಳನ್ನು ಕೈಯಂದಾಜಿನಲ್ಲಿ ಬಿಗಿಯುವುದು ನಮ್ಮಲ್ಲಿ ಸಾಮಾನ್ಯ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆದರೆ ಒಂದೊಂದು ಬಿಗಿಗೂ ಒಂದೊಂದು ಜೀರೋ. ತಯಾರಕರ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಸರಿಯಾಗಿ ಬಿಗಿದರೂ ಜೀರೋ ಸರಿಯಬಹುದು, ಆದ್ದರಿಂದ ಮ್ಯಾಚ್ ದಿನ ಬೆಳಗ್ಗೆ ಈ ಕೆಲಸ ಬೇಡವೇ ಬೇಡ.

ಬೋಲ್ಟ್ ತಿರುಗಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಮುಟ್ಟಬೇಕಾಗಿಲ್ಲ. ಬಿಗಿ ಸರಿಯಾಗಿದ್ದ ದಿನ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಸೈಟ್‌ನ ಬುಡಕ್ಕೂ ರೈಲಿಗೂ ಇಂಥದೇ ಗೆರೆ ಇರಲಿ. ಮನೆಯಲ್ಲಿ ಸಿಗುವ ಯಾವ ಬಣ್ಣವಾದರೂ ಸರಿ. ಕಪ್ಪು ಲೋಹದ ಮೇಲೆ ಕೆಂಪು ಚೆನ್ನಾಗಿ ಕಾಣುತ್ತದೆ.

ಸೈಟ್ ಒಳಗೇ ಸವೆದಿರಬಹುದು. ಅದಕ್ಕೆ ಚೌಕದ ಪರೀಕ್ಷೆ ಇದೆ. ಐದು ಗುಂಡು ಹೊಡೆದು, 20 ಕ್ಲಿಕ್ ಮೇಲಕ್ಕೆ, ಅಲ್ಲಿ ಐದು. 20 ಬಲಕ್ಕೆ, ಐದು. 20 ಕೆಳಕ್ಕೆ, ಐದು. 20 ಎಡಕ್ಕೆ, ಕೊನೆಯ ಐದು. ಕೊನೆಯ ಗುಂಪು ಮೊದಲ ಗುಂಪಿನ ಮೇಲೇ ಕೂರಬೇಕು, ನಾಲ್ಕು ಮೂಲೆಗಳೂ ಚೌಕವಾಗಿರಬೇಕು. ಬಾಗಿದ ಚೌಕ ಬಂದರೆ ಸೈಟ್ ರಿಪೇರಿಗೆ ಹೋಗಬೇಕು. ಹಳೆಯ ಸೈಟ್‌ಗಳಲ್ಲಿ ನಾಬ್ ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಬರೀ ಸದ್ದು, ಸೈಟ್ ಅಲುಗುವುದೇ ಇಲ್ಲ. ಅಂಥದರಲ್ಲಿ ಬೇಕಾದ ಜಾಗ ದಾಟಿ ಹೋಗಿ, ಯಾವಾಗಲೂ ಒಂದೇ ದಿಕ್ಕಿನಿಂದ ವಾಪಸು ಬಂದು ನಿಲ್ಲಿಸುವ ಅಭ್ಯಾಸ ಒಳ್ಳೆಯದು.

ಮರದ ಸ್ಟಾಕ್‌ನ ಹಳೆಯ .22 ರೈಫಲ್‌ಗಳು ಕ್ಲಬ್‌ಗಳಲ್ಲಿ ಇನ್ನೂ ಬಳಕೆಯಲ್ಲಿವೆ. ಮಂಗಳೂರಿನ ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ಕಲಬುರಗಿಯ ಏಪ್ರಿಲ್‌ನಲ್ಲಿ ಒಣಗಿ ಕುಗ್ಗುತ್ತದೆ. ಬ್ಯಾರೆಲ್ ಸ್ಟಾಕ್‌ಗೆ ತಾಗದಂತೆ ಮಾಡಿದ ರೈಫಲ್ ಆದರೆ ಇವೆರಡರ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆದುಕೊಂಡು ಹೋಗಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ಬ್ಯಾರೆಲನ್ನು ತಳ್ಳುತ್ತಿದೆ. ಏರ್ ರೈಫಲ್‌ನಲ್ಲಿ ಗಮನಿಸಬೇಕಾದದ್ದು ಬೇರೆ: ಮುಂದಿನ ಸೈಟ್ ಸಾಮಾನ್ಯವಾಗಿ ಬ್ಯಾರೆಲ್‌ನ ಹೊರಗಿನ ಕೊಳವೆಯ ಮೇಲಿರುತ್ತದೆ. ರೈಫಲನ್ನು ಆ ಕೊಳವೆ ಹಿಡಿದು ಎತ್ತುವ, ಗೋಡೆಗೆ ಒರಗಿಸುವ ಅಭ್ಯಾಸದಿಂದ ಅದು ಸರಿದರೆ ಜೀರೋ ಕೂಡ ಅದರ ಜೊತೆಗೇ ಹೋಗುತ್ತದೆ.

ಗಾಳಿಯ ಒತ್ತಡ, ಗುಂಡಿನ ಲಾಟ್

ಮೇಲೆ-ಕೆಳಗಿನ ಬದಲಾವಣೆಗೆ ಏರ್ ರೈಫಲ್‌ನಲ್ಲಿ ಮೊದಲ ಅನುಮಾನ ವೇಗದ ಮೇಲೆ. ಮ್ಯಾಚ್ ರೈಫಲ್‌ನ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದು 160ಕ್ಕೆ ಇಳಿದರೆ 17 ಮಿ.ಮೀ. ಇದ್ದ ಇಳಿತ 19 ಮಿ.ಮೀ. ಆಗುತ್ತದೆ. ನೀವು ಏನೂ ತಪ್ಪು ಮಾಡದೆ ಎರಡು ಮಿಲಿಮೀಟರ್ ಕೆಳಗೆ ಹೊಡೆಯುತ್ತೀರಿ. 200 ಬಾರ್ ತುಂಬಿದ ಸಿಲಿಂಡರಿನ ಒತ್ತಡ ಎಷ್ಟೇ ಇರಲಿ, ಪೆಲೆಟ್‌ಗೆ ಸಿಗುವ ಗಾಳಿ ಒಂದೇ ಸಮ ಇರುವಂತೆ ನೋಡಿಕೊಳ್ಳುವುದು ರೆಗ್ಯುಲೇಟರ್ ಕೆಲಸ. ಮಾಪಕದ ಮುಳ್ಳು ಕೈಪಿಡಿ ಹೇಳಿದ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಅದರ ಕೈಯಲ್ಲೂ ಆಗುವುದಿಲ್ಲ. ರೆಗ್ಯುಲೇಟರ್ ಸೋರುತ್ತಿದ್ದರೆ ಲಕ್ಷಣ ಬೇರೆ: ರೈಫಲ್ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲಿನ ಮೊದಲ ಗುಂಡು ಮೇಲಕ್ಕೆ ಹೋಗುತ್ತದೆ, ಉಳಿದವು ಸರಿಯಾಗಿರುತ್ತವೆ. ಬ್ರೀಚ್ ಬಳಿಯ ರಬ್ಬರ್ ರಿಂಗ್ ಸವೆದಿದೆಯೇ ಎಂದು ತಿಳಿಯಲು ಅಲ್ಲೊಂದು ಟಿಶ್ಯೂ ಚೂರು ಇಟ್ಟು ಗುರಿಗೆ ಗುಂಡು ಹೊಡೆಯಿರಿ, ಅದು ಹಾರಿದರೆ ಗಾಳಿ ಸೋರುತ್ತಿದೆ. ರೆಗ್ಯುಲೇಟರನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಸಿಲಿಂಡರಿನ ಮೇಲಿನ ತಯಾರಿಕೆಯ ದಿನಾಂಕವನ್ನೂ ನೋಡಿ. ಅದು ಬಳಕೆಯ ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವ ಹೊಣೆ ಐಎಸ್‌ಎಸ್‌ಎಫ್ ನಿಯಮದಂತೆ ಶೂಟರ್‌ನದೇ.

ಪೆಲೆಟ್ ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಇರುತ್ತದೆ. ಅಂಗಡಿಯಲ್ಲಿ ಇದ್ದದ್ದನ್ನು ತಂದೆ ಎಂದು ಅಳತೆ ಬದಲಿಸಿದರೆ ಜೀರೋ ಹೊಸದಾಗಿ ಮಾಡಬೇಕಾಗಬಹುದು. .22ರಲ್ಲಿ ಒಂದೇ ಕಂಪನಿಯ, ಒಂದೇ ಹೆಸರಿನ ಕಾಡತೂಸೇ ಲಾಟ್‌ನಿಂದ ಲಾಟ್‌ಗೆ ಬೇರೆಯಾಗಿ ವರ್ತಿಸುತ್ತದೆ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೆ 50 ಮೀಟರಿನಲ್ಲಿ, ಲೆಕ್ಕದ ಪ್ರಕಾರ, ಸುಮಾರು 7 ಮಿ.ಮೀ. ಮೇಲೆ-ಕೆಳಗಾಗುತ್ತದೆ. ಜೊತೆಗೆ ಸೀಸದ ಮೇಲಿನ ಮೇಣ: ಬ್ರ್ಯಾಂಡ್ ಬದಲಿಸಿದಾಗ, ಬ್ಯಾರೆಲ್ ತೊಳೆದಾಗ ಒಳಗೆ ಹೊಸ ಮೇಣ ಸಮನಾಗಿ ಹಚ್ಚಿಕೊಳ್ಳುವವರೆಗೆ ಕೆಲವು ಗುಂಡುಗಳು ದಾರಿ ತಪ್ಪುತ್ತವೆ. ಅವನ್ನು ನೋಡಿ ಸೈಟ್ ತಿರುಗಿಸುವುದು ವ್ಯರ್ಥ. ಕಾಡತೂಸಿನ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ.

ಬಯಲಿನ 50 ಮೀಟರ್ ರೇಂಜಿನಲ್ಲಿ ಗಾಳಿ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಡ್ಡಗಾಳಿ ಗುಂಡನ್ನು ಬರೀ ಅಡ್ಡಕ್ಕೆ ತಳ್ಳುವುದಿಲ್ಲ. ಬಲಕ್ಕೆ ಸುತ್ತುವ ಸಾಮಾನ್ಯ ಬ್ಯಾರೆಲ್‌ನಲ್ಲಿ ಎಡದಿಂದ ಬೀಸುವ ಗಾಳಿ ಗುಂಡನ್ನು ಬಲಕ್ಕೆ ಮತ್ತು ಕೆಳಕ್ಕೆ ಒಯ್ಯುತ್ತದೆ, ಬಲದಿಂದ ಬೀಸಿದರೆ ಎಡಕ್ಕೆ ಮತ್ತು ಮೇಲಕ್ಕೆ. ಗುಂಪು ಗಡಿಯಾರದ ಹತ್ತು ಗಂಟೆಯಿಂದ ನಾಲ್ಕು ಗಂಟೆಯ ಕಡೆಗೆ ಓರೆಯಾಗಿ ಹರಡಿದ್ದರೆ ರೈಫಲ್ ನಿರಪರಾಧಿ.

ಊರು ಬದಲಾದರೆ

ಬೇರೆ ರೇಂಜಿಗೆ ಹೋದ ದಿನ ಜೀರೋ ಸರಿಯುವುದು ಸಹಜ. ಒಳಾಂಗಣದ ಗುರಿಗೆ ಕನಿಷ್ಠ 1500 ಲಕ್ಸ್ ಬೆಳಕು ಇರಬೇಕೆಂದು ನಿಯಮ ಹೇಳುತ್ತದೆ. ಮನೆ ಹತ್ತಿರದ ಅಕಾಡೆಮಿಯ ಟ್ಯೂಬ್‌ಲೈಟಿಗೆ ಒಗ್ಗಿದ ಕಣ್ಣು ಅಲ್ಲಿ ಕಪ್ಪನ್ನು ಬೇರೆಯೇ ಗಾತ್ರದಲ್ಲಿ ಕಾಣುತ್ತದೆ. ಪೆಟ್ಟಿಗೆ ತೆರೆದು ರೈಫಲ್ ಹಾಲ್‌ನ ತಂಪಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಕೊಡಿ. ಬರೆದಿಟ್ಟುಕೊಂಡ ಕ್ಲಿಕ್ ಸಂಖ್ಯೆ ಮತ್ತು ಸೈಟ್ ಈಗ ತೋರಿಸುತ್ತಿರುವುದು ತಾಳೆಯಾಗುತ್ತವೆಯೇ ನೋಡಿ. ಆಮೇಲೂ ಅನುಮಾನವಿದ್ದರೆ ಅಭ್ಯಾಸದ ಹೊತ್ತಿನಲ್ಲಿ ಪಕ್ಕದ ಲೇನ್‌ನಲ್ಲಿ ಹೊಡೆದು ನೋಡಿ. ತಪ್ಪು ಗುರಿ ಯಂತ್ರದ್ದೂ ಇರಬಹುದು.

2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಸ್ಪರ್ಧೆಯಲ್ಲಿ ಅರ್ಹತಾ ಸುತ್ತು ಮತ್ತು ಫೈನಲ್ ನಡುವೆ ಅಭಿನವ್ ಬಿಂದ್ರಾ ಅವರ ರೈಫಲ್‌ನ ಜೀರೋ ಕೆಟ್ಟಿತ್ತು. ಫೈನಲ್‌ಗೆ ಮುನ್ನಿನ ಸೈಟಿಂಗ್ ಗುಂಡು ಹತ್ತರಿಂದ ಬಹಳ ದೂರ ಬಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಉಳಿದ ಕೆಲವೇ ನಿಮಿಷಗಳಲ್ಲಿ ಅವರು ಸೈಟ್ ತಿದ್ದಿದರು. ಎಣಿಕೆಗೆ ಬಂದ ಮೊದಲ ಗುಂಡು 10.7, ಕೊನೆಯದು 10.8, ಒಟ್ಟು 700.5, ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ಅಲ್ಲಿ ನಾಬ್ ತಿರುಗಿಸಿದ್ದೇ ಸರಿ, ಏಕೆಂದರೆ ತನ್ನ ಭಂಗಿ ಏನು ಕೊಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ದೂರದ ತಪ್ಪು ಮೈಯಿಂದ ಆಗುವಂಥದಲ್ಲ. ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ ಈಗ 15 ನಿಮಿಷ ತಯಾರಿ ಮತ್ತು ಸೈಟಿಂಗ್‌ಗೆ ಸಿಗುತ್ತದೆ, ಆಗ ಎಷ್ಟು ಗುಂಡನ್ನಾದರೂ ಹೊಡೆಯಬಹುದು. ಮ್ಯಾಚ್ ಶುರುವಾದರೆ ಸೈಟಿಂಗ್ ಗುಂಡು ಇಲ್ಲ. ಅಷ್ಟರೊಳಗೆ ಗುಂಪು ಬಿಗಿಯಾಗಿದ್ದೂ ಪಕ್ಕಕ್ಕಿದ್ದರೆ ಧೈರ್ಯವಾಗಿ ಕ್ಲಿಕ್ ಮಾಡಿ. ಕಾರಣವನ್ನು ಮನೆಗೆ ಬಂದು ಹುಡುಕಿದರಾಯಿತು.

ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹತ್ತು ಗುಂಡು ಹೊಡೆಯಿರಿ, ಬರೆದಿಡಿ. ಸ್ಕ್ರೂ ಬಿಗಿದು, ಪೆಲೆಟ್ ಬದಲಿಸಿ, ಚೀಕ್‌ಪೀಸ್ ಏರಿಸಿ, ಆಮೇಲೆ ಗುಂಡು ಸರಿಯಾಗಿ ಬಿದ್ದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯದು, ರಿಪೇರಿಯವನಿಗೂ ತಿಳಿಯದು. ರಿಪೇರಿಗೆ ಕೊಡುವಾಗ ರೈಫಲ್ ಜೊತೆ ಆ ಕಾರ್ಡ್‌ಗಳನ್ನೂ, ಪೆಲೆಟ್ ಡಬ್ಬಿ ಅಥವಾ ಕಾಡತೂಸಿನ ಲಾಟ್ ನಂಬರನ್ನೂ ಕೊಟ್ಟರೆ ಅವನ ಕೆಲಸ ಅರ್ಧ ಮುಗಿದಂತೆ.

ಕ್ಲಬ್ ಮತ್ತು ಅಕಾಡೆಮಿ ನಡೆಸುವವರಿಗೂ ಒಂದು ಮಾತು. ನಾಲ್ಕಾರು ಮಕ್ಕಳು ಹಂಚಿಕೊಂಡು ಹೊಡೆಯುವ ರೈಫಲ್‌ಗೆ ಒಂದು ಜೀರೋ ಎಂಬುದೇ ಇರುವುದಿಲ್ಲ. ಬಂದವರೆಲ್ಲ ಬಟ್ ಪ್ಲೇಟ್ ಎಳೆದು, ಚೀಕ್‌ಪೀಸ್ ಏರಿಸಿ, ನಾಬ್ ತಿರುಗಿಸಿ ಹೋಗುತ್ತಾರೆ. ಆ ರೈಫಲ್‌ಗೆ ಒಂದು ನೋಟ್‌ಬುಕ್ ಕಟ್ಟಿಡಿ, ಪ್ರತಿ ಮಗುವಿನ ಹೆಸರಿನ ಮುಂದೆ ಅದರ ಕ್ಲಿಕ್, ಚೀಕ್‌ಪೀಸ್, ಬಟ್ ಪ್ಲೇಟ್ ಅಳತೆಗಳಿರಲಿ. ಕಪಾಟಿನಲ್ಲಿ ಒಂದು ಟಾರ್ಕ್ ರೆಂಚ್ ಇರಲಿ, ಆ ಕಪಾಟಿನ ಬೀಗದ ಕೈ ಒಬ್ಬರ ಬಳಿ ಮಾತ್ರ ಇರಲಿ.